ಕಾರಿಡಾರಿನಲ್ಲಿ ಕೂತಿದ್ದ ಹೆಂಗಸು

ಆ ಸೋಮವಾರ ಗ್ರಿಗೋರೆ ಪೆತ್ರೋವಿಚ್ ತಮ್ಮ ಅಕ್ಕನ ಮಗನ ಕಂಪ್ಯೂಟರನ್ನು ಎರಡೂ ಕೈಗಳಲ್ಲಿ ತಬ್ಬಿಕೊಂಡು ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಹುಡುಗರು ಆಟ ಆಡುವ ಕಂಪ್ಯೂಟರ್ ಅದು. ಪ್ಲಗ್ ಹಾಕಿದ್ದೇ ತಡ, ಪಕ್ಕದ ಗಾಜಿನೊಳಗೆ ಕೆಂಪು, ನೀಲಿ, ನೇರಳೆ ದೀಪಗಳು ಒಂದರ ಹಿಂದೊಂದು ಓಡತೊಡಗಿದವು.

"ಡೋಯ್ನಾ, ನಿನ್ನ ಮೇಜಿನ ಮೇಲೆ ಜಾಗ ಮಾಡು," ಅಂದರು.

"ನನ್ನ ಕಂಪ್ಯೂಟರಿಗೆ ಏನಾಗಿದೆ, ಪೆತ್ರೋವಿಚ್?"

"ನಿನ್ನದು ಕಂಪ್ಯೂಟರಲ್ಲ ಕಣಮ್ಮ, ಲೆಕ್ಕ ಕೂಡೋ ಯಂತ್ರ. ಹೊಸ ಸಾಫ್ಟ್‌ವೇರ್ ಅದರಲ್ಲಿ ಹಾಕಿದ್ರೆ ಹೊಗೆ ಬರುತ್ತೆ."

ಕಿಶಿನೌ ನಗರದ ಬೊತಾನಿಕಾ ಬಡಾವಣೆಯಲ್ಲಿ, ಒಂದು ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿತ್ತು ಅವರ ಕಚೇರಿ. ಔಷಧಿ ಅಂಗಡಿ, ಶಿಶುವಿಹಾರ, ಸಣ್ಣಪುಟ್ಟ ಚಿಕಿತ್ಸಾಲಯ, ಇಂಥವುಗಳ ನಕ್ಷೆ ಮಾಡಿಕೊಡುವುದು ಅವರ ಕೆಲಸ. ಯಜಮಾನರು ಪೆತ್ರೋವಿಚ್, ಹಳಬನಾದ ಇಲಾರಿಯಾನ್, ಮತ್ತು ಡೋಯ್ನಾ, ಇಷ್ಟೇ ಜನ. ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ಓದಲು ಬರುವ ಮೇಯರ್ ಇನ್ನೂ ಹುಟ್ಟಿರಲಿಲ್ಲ. ಎಲ್ಲರಿಗೂ ಫೋಟೋದಂಥ ಚಿತ್ರ ಬೇಕು. ಅದನ್ನು ಮಾಡಿಕೊಡುವವನೊಬ್ಬ ಊರಿನ ಆ ತುದಿಯಲ್ಲಿದ್ದ. ನಕ್ಷೆ ಕಳಿಸಿದರೆ ವಾರ ಬಿಟ್ಟು ನಾಲ್ಕು ಚಿತ್ರ ಕೊಡುತ್ತಿದ್ದ. ಕಿಟಕಿಯ ಬಣ್ಣ ಬದಲಾಯಿಸು ಅಂದರೆ ಮತ್ತೊಂದು ವಾರ.

ಪೆತ್ರೋವಿಚ್ ಹೋದ ವಾರ ಯಾಶ್ ಊರಿನ ಸಮ್ಮೇಳನಕ್ಕೆ ಹೋದಾಗ ಈ ಸಾಫ್ಟ್‌ವೇರ್ ನೋಡಿ ಬಂದಿದ್ದರು. ಕಟ್ಟಡದ ಮಾದರಿಯನ್ನು ಅದರೊಳಗೆ ಹಾಕಿದರೆ ಸಾಕು, ಕಾಯುವ ಮಾತೇ ಇಲ್ಲ. ಗೋಡೆಗೆ ಗೋಡೆಯ ಬಣ್ಣ, ಗಾಜಿಗೆ ಗಾಜಿನ ಹೊಳಪು ಆ ಕ್ಷಣವೇ ಬರುತ್ತದೆ. ಒಳಗೆಲ್ಲ ನಡೆದಾಡಿಕೊಂಡು ನೋಡಬಹುದು. ಬೆಲೆಯೂ ಅವರಂಥವರ ಕೈಗೆಟುಕುವಷ್ಟೇ. ಮೊದಲ ಎರಡು ವಾರ ಪುಕ್ಕಟೆ ಬಳಸಿ ನೋಡಿ, ಇಷ್ಟವಾದರೆ ಕೊಳ್ಳಿ ಎಂದು ಮಾರುವವರು ಕೊಟ್ಟಿದ್ದರು.

"ಶುಕ್ರವಾರ ಒರ್ಹೇಯ್ ಊರಿನ ಚಿಕಿತ್ಸಾಲಯದ ಸಮಿತಿ ಬರುತ್ತೆ. ಈ ಸಲ ಅವರನ್ನ ಕಟ್ಟಡದೊಳಗೇ ಓಡಾಡಿಸೋಣ," ಅಂದರು ಪೆತ್ರೋವಿಚ್.

"ಇಷ್ಟು ಅಗ್ಗಕ್ಕೆ ಕೊಡ್ತಾರೆ ಅಂದ್ರೆ ಏನೋ ಇದೆ ಒಳಗೆ," ಎಂದ ಇಲಾರಿಯಾನ್, ತನ್ನ ಮೇಜಿನಿಂದ ತಲೆಯೆತ್ತದೆ.

"ನಿನ್ನ ಸಂಬಳಕ್ಕಿಂತ ಅಗ್ಗ ಅಂತ ನಿನಗೆ ಹೊಟ್ಟೆ ಉರಿ."

ಡೋಯ್ನಾಗೆ ಮೂವತ್ತಾರು. ಮದುವೆಯಾಗಿ, ಗಂಡನನ್ನು ಬಿಟ್ಟಿದ್ದಳು. ತಂದೆ ಅವಳು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ತಾಯಿ ಝೀನಾ ಆಮೇಲೆ ಇಟಲಿಗೆ ಹೋಗಿ ಪಾದೊವಾ ಊರಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವಳು ಅಲ್ಲೇ ಉಳಿದಿದ್ದಳು. ಅವಳು ಕಳಿಸಿದ ಹಣದಿಂದ ಒರ್ಹೇಯ್ ಹತ್ತಿರದ ತಮ್ಮ ಹಳ್ಳಿಯಲ್ಲಿ ಒಂದು ಮನೆ ಏಳುತ್ತಿತ್ತು. ಅದರ ನಕ್ಷೆ ಡೋಯ್ನಾಳದೇ. ಭಾನುವಾರ ಭಾನುವಾರ ತಾಯಿ ಮಗಳು ಫೋನಿನಲ್ಲಿ ಮುಖ ನೋಡಿಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಈಸ್ಟರ್ ಹಬ್ಬಕ್ಕೆ ಬಾ ಎಂದರೆ ಮಾತ್ರ ಝೀನಾಗೆ ಏನಾದರೊಂದು ಅಡ್ಡಿ ಬರುತ್ತಿತ್ತು. ಒಂದು ವರ್ಷ ಸಿನ್ಯೋರಾಗೆ, ಅಂದರೆ ಆ ಮುದುಕಿ ಯಜಮಾನಿಗೆ, ಜ್ವರ. ಇನ್ನೊಂದು ವರ್ಷ ಬದಲಿಗೆ ಬರಬೇಕಾದವಳು ಕೈಕೊಟ್ಟಳು. ಇಟಲಿಯಲ್ಲಿ ದುಡಿಯುವ ತಾಯಂದಿರೆಲ್ಲ ಹೀಗೇ ಹೇಳುತ್ತಿದ್ದರಾದ್ದರಿಂದ ಡೋಯ್ನಾ ಗೊಣಗಿ ಸುಮ್ಮನಾಗುತ್ತಿದ್ದಳು.

ಸೋಮವಾರ ಪೂರ್ತಿ ಅವಳು ಮೇಜು ಬಿಟ್ಟೇಳಲಿಲ್ಲ. ಒರ್ಹೇಯ್ ಚಿಕಿತ್ಸಾಲಯವನ್ನು ಆ ಸಾಫ್ಟ್‌ವೇರಿಗೆ ಹಾಕಿದೊಡನೆ ಫ್ಯಾನು ಬುಸುಗುಟ್ಟಿತು, ಬೂದುಬಣ್ಣದ ಗೆರೆಗಳೆಲ್ಲ ಕಟ್ಟಡವಾಗಿ ಎದ್ದು ನಿಂತವು. ಒಂದು ಗುಂಡಿಯನ್ನು ಅತ್ತಿತ್ತ ಸರಿಸಿದರೆ ಸೂರ್ಯನೇ ಸರಿಯುತ್ತಿದ್ದ. ಬೆಳಗಿನ ಬಿಸಿಲು ಕಾರಿಡಾರಿನ ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡು, ಮಧ್ಯಾಹ್ನಕ್ಕೆ ಕಿಟಕಿಯಡಿಗೆ ಬಂದು ಮುದುಡಿಕೊಳ್ಳುತ್ತಿತ್ತು. ತಾನೇ ಎಳೆದ ಕಿಟಕಿಗಳಿಂದ ಬಿಸಿಲು ಹೀಗೆ ಬರುತ್ತದೆಂದು ಡೋಯ್ನಾಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಇಲಾರಿಯಾನ್ ಕೂಡ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತು, "ಇನ್ನೊಂದ್ಸಲ ಸಾಯಂಕಾಲ ಮಾಡು ನೋಡೋಣ," ಎನ್ನುತ್ತಿದ್ದ.

ಮಂಗಳವಾರ ಜನರನ್ನು ತುಂಬಿಸುವ ಕೆಲಸ ಶುರುವಾಯಿತು. ಖಾಲಿ ಕಟ್ಟಡ ತೋರಿಸಿದರೆ ಸಮಿತಿಯವರಿಗೆ ಶವಾಗಾರ ನೋಡಿದಂತಾಗುತ್ತದೆ ಎಂದು ಪೆತ್ರೋವಿಚ್ ಹೇಳಿದ್ದರು. ಸಾಫ್ಟ್‌ವೇರಿನ ಜೊತೆಗೇ ಮರ, ಕಾರು, ಕುರ್ಚಿ, ಮನುಷ್ಯರ ದೊಡ್ಡ ಸಂಗ್ರಹ ಬಂದಿತ್ತು. ಮನುಷ್ಯರು ಗೊಂಬೆಗಳಲ್ಲ. ನಿಜವಾದ ಜನರನ್ನೇ ಸುತ್ತಲೂ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದ್ದರು. ಒಬ್ಬ ಫೋನಿನಲ್ಲಿ ಮಾತಾಡುತ್ತ ಕಾಲು ಬದಲಿಸುತ್ತಾನೆ, ಇನ್ನೊಬ್ಬಳು ಕೂದಲು ಹಿಂದಕ್ಕೆ ಸರಿಸುತ್ತಾಳೆ. ಕೆಲವು ಕ್ಷಣಗಳ ಚಲನೆ ಮುಗಿದೊಡನೆ ಮೊದಲಿನಿಂದ ಅದನ್ನೇ ಮಾಡುತ್ತಾರೆ.

ಚಿಕಿತ್ಸಾಲಯವಾದ್ದರಿಂದ ಡೋಯ್ನಾ ಗಾಲಿಕುರ್ಚಿಯವರ ವಿಭಾಗ ತೆಗೆದಳು. ಸಣ್ಣ ಸಣ್ಣ ಚಿತ್ರಗಳ ಸಾಲಿನಿಂದ ಒಬ್ಬ ತರುಣನನ್ನು ಎಳೆದು ಬಾಗಿಲ ಬಳಿ ಇಟ್ಟಳು. 'ಕಾಯುತ್ತಿರುವ ವಯಸ್ಸಾದ ಮಹಿಳೆ' ಎಂದಿದ್ದವಳನ್ನು ಎಳೆದು ಕಾರಿಡಾರಿನಲ್ಲಿ, ಎಕ್ಸ್‌ರೇ ಕೋಣೆಯ ಎದುರು ಇಟ್ಟಳು. ಹೇಗೆ ಕಾಣುತ್ತದೆಂದು ನೋಡಲು ಕಾರಿಡಾರಿನ ಈ ತುದಿಯಿಂದ ನಡೆದು ಬಂದಳು.

ದೂರದಿಂದ ಮೊದಲು ಕಂಡದ್ದು ಹಸಿರು ಉಣ್ಣೆಯ ಅಂಗಿ. ಹತ್ತಿರ ಬಂದಂತೆ ಗಿಡ್ಡವಾಗಿ ಕತ್ತರಿಸಿದ ನರೆಗೂದಲು, ಅಗಲವಾದ ಹಣೆ. ಹೆಂಗಸು ಮಡಿಲಲ್ಲಿ ಕೈ ಇಟ್ಟುಕೊಂಡು ಬಲ ಹೆಬ್ಬೆರಳಿನಿಂದ ಎಡಗೈಯ ಉಂಗುರವನ್ನು ಮೆಲ್ಲಗೆ ತಿರುಗಿಸುತ್ತಿದ್ದಳು. ಒಮ್ಮೆ ನಿಲ್ಲಿಸಿ, ತುಟಿಯನ್ನು ಒಂದು ಬದಿಗೆ ಎಳೆದು, ಮತ್ತೆ ತಿರುಗಿಸುತ್ತಿದ್ದಳು.

ಡೋಯ್ನಾಳ ಕೈ ಮೌಸಿನ ಮೇಲೆ ನಿಂತುಹೋಯಿತು.

ಕೆಳತುಟಿಯ ಅಡಿಯಲ್ಲಿ ಸಣ್ಣ ಗಾಯದ ಕಲೆ ಇತ್ತು. ಹಸಿರು ಅಂಗಿಯ ಮೇಲಿನ ಗುಂಡಿ ಉಳಿದವುಗಳಂತಿರದೆ ಕಂದು ಬಣ್ಣದ್ದಾಗಿತ್ತು. ಆ ಅಂಗಿಯನ್ನು ಕ್ರಿಸ್ಮಸ್‌ಗೆ ಪಾದೊವಾಗೆ ಕಳಿಸಿದವಳು ಡೋಯ್ನಾಳೇ. ಕಳಿಸುವ ಮುಂಚೆ ಕಳೆದುಹೋದ ಗುಂಡಿಯ ಬದಲಿಗೆ ಬೇರೆಯದನ್ನು ಹೊಲಿದವಳೂ ಅವಳೇ.

"ಇಲಾರಿ, ಇಲ್ಲಿ ಬಾ ಸ್ವಲ್ಪ," ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

ಇಲಾರಿಯಾನ್ ಬಂದು ಬಗ್ಗಿ ನೋಡಿದ. ಝೀನಾಳನ್ನು ಅವನು ಡೋಯ್ನಾಳ ಮದುವೆಯಲ್ಲಿ ನೋಡಿದ್ದ, ಅವಳೊಂದಿಗೆ ಕುಣಿದೂ ಇದ್ದ. ಮುಖವನ್ನು ಪರದೆಗೆ ಇನ್ನಷ್ಟು ಹತ್ತಿರ ತಂದ.

"ಹೋಲಿಕೆ ಇರುತ್ತೆ ಕಣೇ," ಎಂದ ಕೊನೆಗೆ. "ಲೋಕದಲ್ಲಿ ಎಷ್ಟು ಜನ."

"ಗುಂಡಿ ನೋಡು."

"ಯಾವ ಗುಂಡಿ?"

ಅವಳು ಹೇಳುವಷ್ಟರಲ್ಲಿ ಪೆತ್ರೋವಿಚ್ ಕಾಫಿ ಲೋಟ ಹಿಡಿದು ಬಂದರು. ಪರದೆಯನ್ನು ನೋಡಿದ್ದೇ ಅವರ ಮುಖ ಅರಳಿತು. "ಇದು ನೋಡು, ಇದು. ಎಂಥಾ ಜೀವ ಇದೆ ಈ ಮುದುಕೀಲಿ. ಬೇರೆಯವರೆಲ್ಲ ಜಾಹೀರಾತಿನವರ ಥರ ಹಲ್ಲು ಕಿರಿತಾರೆ. ಇವಳನ್ನ ನೋಡಿದ್ರೆ ನಿಜವಾಗ್ಲೂ ನಮ್ಮ ಡಾಕ್ಟರಿಗೆ ಕಾಯ್ತಿರೋಳ ಹಾಗಿದಾಳೆ. ಸರಿ ಇತ್ತ." ಅವಳ ಭುಜದ ಮೇಲಿಂದ ಕೈ ಚಾಚಿ ಮೌಸ್ ಹಿಡಿದು, ಕಾರಿಡಾರಿನ ಉದ್ದಕ್ಕೂ ಒತ್ತಿದರು. ಕಿಟಕಿಯ ಬಳಿ ಒಬ್ಬಳು. ಔಷಧಿ ಕೌಂಟರಿನ ಎದುರು ಒಬ್ಬಳು. ಲಿಫ್ಟಿನ ಪಕ್ಕ ಇಬ್ಬರು.

ಐದು ಜನ ಝೀನಾಗಳು ಬಿಸಿಲಿನಲ್ಲಿ ಕೂತು ಒಟ್ಟಿಗೆ ಉಂಗುರ ತಿರುಗಿಸಿದರು. ಒಟ್ಟಿಗೆ ನಿಲ್ಲಿಸಿ ತುಟಿ ಎಳೆದರು.

ಡೋಯ್ನಾ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ಎತ್ತದೆ ಹೊರಗಿನ ಮೆಟ್ಟಿಲ ಬಳಿ ಹೋಗಿ ನಿಂತಳು. ಕೆಳಗಿನ ಆಸ್ಪತ್ರೆಯಿಂದ ಹಲ್ಲು ಕೊರೆಯುವ ಸದ್ದು ಬರುತ್ತಿತ್ತು. ಫೋನು ತೆಗೆದು ತಾಯಿಗೆ ಕರೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು.

"ಏನೇ ಇದು ಮಂಗಳವಾರ?" ಝೀನಾಳ ದನಿ, ಮುಖವಿಲ್ಲದೆ. "ನಾನು ಕೆಲಸದಲ್ಲಿದೀನಿ. ಸಿನ್ಯೋರಾ ಮಲಗಿದಾಳೆ. ಯಾರಾದ್ರೂ ಹೋದ್ರಾ?"

"ಯಾರೂ ಹೋಗಿಲ್ಲ. ಅಮ್ಮ, ವಿಡಿಯೋ ಹಾಕು."

"ತಲೆ ಬಾಚಿಲ್ಲ ಕಣೇ."

"ಹಾಕಮ್ಮ."

ಮುಖ ಬಂತು. ಅಡುಗೆಮನೆಯ ಹಳದಿ ಗೋಡೆ, ಎಂದಿನಂತೆ ಕುತ್ತಿಗೆಯಿಂದ ಮೇಲಕ್ಕೆ ಮಾತ್ರ.

"ಎದ್ದು ನಿಂತ್ಕೋ," ಎಂದಳು ಡೋಯ್ನಾ.

"ಯಾಕೆ, ರಾಷ್ಟ್ರಗೀತೆ ಹಾಡ್ತಾರಾ?"

"ಅಮ್ಮ, ಎದ್ದು ನಿಂತ್ಕೋ. ಅಷ್ಟೇ ಕೇಳೋದು ನಾನು."

ಝೀನಾ ನಗಲು ಹೋದಳು. ನಗು ಅರ್ಧಕ್ಕೆ ನಿಂತಿತು. ತುಟಿಯನ್ನು ಒಂದು ಬದಿಗೆ ಎಳೆದಳು. ಆಗ ಡೋಯ್ನಾಗೆ ಉಳಿದಿದ್ದ ಕಿಂಚಿತ್ ಅನುಮಾನವೂ ಹೋಯಿತು, ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಯಾರು ಹೇಳಿದ್ರು ನಿಂಗೆ?" ಎಂದು ಝೀನಾ ಕೇಳಿದಳು. "ಇಲ್ಲಿ ಕೆಲಸಕ್ಕಿರೋ ನಮ್ಮೂರ ರಾಯ್ಸಾ ಹೇಳಿದ್ಲಾ? ಅವಳ ಬಾಯಿ ಹೊಲಿಬೇಕು."

"ಯಾರೂ ಹೇಳ್ಲಿಲ್ಲ. ನಾನೇ ನೋಡ್ದೆ. ಒರ್ಹೇಯ್ ಚಿಕಿತ್ಸಾಲಯದ ಕಾರಿಡಾರಲ್ಲಿ ಕೂತಿದೀಯ. ಐದು ಜನ ಇದೀಯ."

"ನಿಂಗೆ ಜ್ವರ ಏನಾದ್ರೂ ಬಂದಿದ್ಯಾ? ನಾನು ಒರ್ಹೇಯ್ ನೋಡಿ ಎಷ್ಟು ವರ್ಷ ಆಯ್ತು."

ಡೋಯ್ನಾ ತಡವರಿಸುತ್ತ ಎಲ್ಲ ಹೇಳಿದಳು. ಝೀನಾ ಫೋನನ್ನು ಎದುರಿಗೆ ಒರಗಿಸಿಟ್ಟುಕೊಂಡಳು.

"ಆ ಕ್ಯಾಮೆರಾ ಹುಡುಗ ಹೇಳಿದ್ದ, ಅಮೆರಿಕಾದಲ್ಲಿ ದೊಡ್ಡ ಆಸ್ಪತ್ರೆ ಕಟ್ಟೋರು ತಗೋತಾರೆ ಅಂತ. ನಿಜವಾಗ್ಲೂ ಗಾಲಿಕುರ್ಚೀಲಿ ಇರೋರೇ ಬೇಕಂತೆ. ವ್ಯಾಯಾಮಕ್ಕೆ ಹೋಗೋ ಕಡೆ ಬಂದು ಕೇಳಿದ. ನಗಬೇಡಿ, ಸುಮ್ನೆ ಬಸ್ಸಿಗೆ ಕಾಯೋ ಥರ ಕೂತ್ಕೊಳ್ಳಿ ಅಂದ. ಕೂತೆ. ನನ್ನ ಮಗಳೇ ನನ್ನ ಎತ್ಕೊಂಡು ಹೋಗಿ ಒರ್ಹೇಯ್‌ನಲ್ಲಿ ಇಡ್ತಾಳೆ ಅಂತ ನಂಗೇನು ಗೊತ್ತು?"

ನಡೆದದ್ದು ಇಷ್ಟು. ಎರಡು ವರ್ಷದ ಹಿಂದೆ ಸಿನ್ಯೋರಾಳ ಮನೆಯ ಕಿಟಕಿ ಪರದೆ ಬಿಚ್ಚಿ ಒಗೆಯಲೆಂದು ಏಣಿ ಹತ್ತಿದ ಝೀನಾ ಜಾರಿ ಬಿದ್ದಿದ್ದಳು. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಬಲ ಹೋಗಿತ್ತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಳು. ಫೋನಿನಲ್ಲಿ ಮುಖ ಮಾತ್ರ ತೋರಿಸಿಕೊಂಡು, ಸಿನ್ಯೋರಾ ಹೊಸ ಕೋಣೆ ಕೊಟ್ಟಿದಾಳೆ ಎಂದು ಮಗಳಿಗೆ ಹೇಳುತ್ತಿದ್ದಳು.

"ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೆಲಸ ಬಿಟ್ಟು ಓಡಿ ಬಂದು ನನ್ನ ಪಕ್ಕ ಕೂತು ಅಳ್ತಿದ್ದೆ."

"ಯಾರೋ ಗೊತ್ತಿಲ್ಲದ ಹುಡುಗನಿಗೆ ಸುತ್ತ ಕ್ಯಾಮೆರಾ ಇಟ್ಟು ತೋರಿಸಿದೀಯ. ನಂಗೆ ತೋರಿಸ್ಲಿಲ್ಲ."

"ಅವನು ಅಳ್ತಿರ್ಲಿಲ್ಲ ಕಣೇ," ಎಂದಳು ಝೀನಾ.

ಡೋಯ್ನಾ ಒಳಗೆ ಬಂದಾಗ ಕುರ್ಚಿಯನ್ನು ಯಾರೋ ಎತ್ತಿ ನಿಲ್ಲಿಸಿದ್ದರು. ಇಲಾರಿಯಾನ್ ಎಲ್ಲ ಹೇಳಿರಬೇಕು, ಪೆತ್ರೋವಿಚ್ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದರು. ಪರದೆಯ ಮೇಲೆ ಚಿಕಿತ್ಸಾಲಯದ ತಾರಸಿ, ನೀರಿನ ತೊಟ್ಟಿ, ನೀಲಿ ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಅಳಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ," ಎಂದರು ಪೆತ್ರೋವಿಚ್. "ಅದಕ್ಕೆ ಮೇಲಕ್ಕೆ ಹೋಗಿಬಿಟ್ಟೆ. ಕ್ಷಮಿಸಮ್ಮ. ಟಿಕೆಟ್ ತಗೊಂಡು ಹೊರಡು. ಸಮಿತಿಯವರನ್ನ ನಾವು ನೋಡ್ಕೋತೀವಿ."

ವಿಮಾನವಿದ್ದದ್ದು ಶುಕ್ರವಾರ. ಮಧ್ಯದ ಎರಡು ದಿನ ಡೋಯ್ನಾ ಕಚೇರಿಗೆ ಬಂದು, ಯಾರ ಹತ್ತಿರವೂ ಹೆಚ್ಚು ಮಾತಾಡದೆ, ಆ ಮಿನುಗುವ ಕಂಪ್ಯೂಟರಿನ ಮುಂದೆ ಕೂತಳು. ಈ ಸಲ ಅದರೊಳಗೆ ಹಾಕಿದ್ದು ಹಳ್ಳಿಯ ತಮ್ಮ ಮನೆಯನ್ನು. ಕಚೇರಿಯ ಗೋಳಿಲ್ಲದೆ ಅವಳು ತನಗೆ ಬೇಕಾದ ಹಾಗೆ ಮಾಡಿದ್ದ ಒಂದೇ ನಕ್ಷೆ ಅದು. ಈಗ ಅದರೊಳಗೆ ನಡೆಯಹೋದರೆ ಎಲ್ಲೆಲ್ಲೂ ಎಡವುತ್ತಿದ್ದಳು. ಜಗಲಿಗೆ ಎತ್ತರದ ಮೆಟ್ಟಿಲು. ತಾಯಿಯ ಮಲಗುವ ಕೋಣೆ ಮಹಡಿಯ ಮೇಲೆ, ದ್ರಾಕ್ಷಿ ತೋಟ ಕಾಣಲಿ ಎಂದು. ಬಚ್ಚಲಿನ ಬಾಗಿಲು ಇಕ್ಕಟ್ಟು. ಹೊಸಿಲುಗಳು. ವರ್ಷಾನುಗಟ್ಟಲೆ ತಾಯಿ ದುಡಿದು ಕಳಿಸಿದ ಹಣದಲ್ಲಿ ತಾಯಿಗೇ ಒಳಗೆ ಬರಲಾಗದ ಮನೆ ಕಟ್ಟಿದ್ದೇನೆ ಎಂದುಕೊಂಡಳು. ಮೆಟ್ಟಿಲು ತೆಗೆದು ಇಳಿಜಾರು ಹಾಕಿದಳು. ಕೋಣೆಯನ್ನು ಕೆಳಗೆ ತಂದಳು. ಬಾಗಿಲು ಅಗಲಿಸಿದಳು. ಅಂಗಳದಲ್ಲಿ ಚೆರ್ರಿ ಮರ ನೆಟ್ಟಳು. ಹೇಳಿದ್ದನ್ನೆಲ್ಲ ಸಾಫ್ಟ್‌ವೇರ್ ಕಣ್ಣೆದುರೇ ಮಾಡಿಕೊಡುತ್ತಿತ್ತು. ಗೇಟಿನಿಂದ ಜಗಲಿ, ಒಳಮನೆ, ಕೋಣೆ, ಮತ್ತೆ ಗೇಟು, ಹೀಗೆ ಒಂದು ಸುತ್ತು ಹಾಕಿದ ಸಣ್ಣ ಚಲನಚಿತ್ರವನ್ನು ತನ್ನ ಫೋನಿಗೆ ಹಾಕಿಕೊಂಡು ಹೊರಟಳು.

ಪಾದೊವಾದಲ್ಲಿ ಬಾಗಿಲು ತೆಗೆದವಳು ಲೆಸ್ಯಾ ಎಂಬ ಉಕ್ರೇನಿನ ಹೆಂಗಸು. "ನೀವೇನಾ ಮಗಳು? ಬನ್ನಿ, ಬೆಳಗ್ಗೆಯಿಂದ ಅಡುಗೆಮನೆಗೆ ನನ್ನ ಸೇರಿಸ್ತಿಲ್ಲ," ಎಂದಳು.

ಝೀನಾ ಒಲೆಯ ಮುಂದೆ, ಗಾಲಿಕುರ್ಚಿಯಲ್ಲಿ, ಮೆಕ್ಕೆಜೋಳದ ಹಿಟ್ಟು ತಿರುವುತ್ತ ಕೂತಿದ್ದಳು. ಪರದೆಯ ಮೇಲೆ ಎಷ್ಟು ಸಲ ನೋಡಿದ್ದರೂ ಡೋಯ್ನಾ ಹೊಸಿಲಲ್ಲೇ ನಿಂತಳು. ತಾಯಿಯ ತೋಳುಗಳು ದಪ್ಪಗಾಗಿದ್ದವು. ಕಾಲುಗಳು ಮಕ್ಕಳ ಕಾಲಿನಂತೆ ಸಣ್ಣಗೆ, ಪಾದಗಳು ಹಲಗೆಯ ಮೇಲೆ ಜೋಡಿಸಿಟ್ಟಂತೆ ಇದ್ದವು.

"ನೋಡಿದ್ದಾಯ್ತಾ?" ಎಂದಳು ಝೀನಾ. "ಈಗ ಬಾ, ಮುತ್ತು ಕೊಡು. ಚೀಸ್ ತಂದಿದೀಯಾ?"

ಡೋಯ್ನಾ ಮೊಣಕಾಲೂರಿ ತಾಯಿಯ ಮಡಿಲಲ್ಲಿ ಮುಖವಿಟ್ಟಳು. ಅಳಬಾರದು ಎಂದುಕೊಂಡೇ ಬಂದಿದ್ದವಳು ಅತ್ತಳು. ಝೀನಾ ಒಂದು ಕೈಯಲ್ಲಿ ಅವಳ ತಲೆ ಸವರುತ್ತ, ಇನ್ನೊಂದು ಕೈಯಲ್ಲಿ ಹಿಟ್ಟು ತಿರುವುವುದನ್ನು ನಿಲ್ಲಿಸಲಿಲ್ಲ.

ಊಟಕ್ಕೆ ಸಿನ್ಯೋರಾಳನ್ನೂ ಕರೆತಂದರು. ತೊಂಬತ್ತು ದಾಟಿದ ಅವಳದೂ ಗಾಲಿಕುರ್ಚಿ. "ಈಗ ಲೆಸ್ಯಾ ನಮ್ಮಿಬ್ಬರನ್ನೂ ನೋಡ್ಕೋತಾಳೆ. ಅಡುಗೆ ನಂದು," ಎಂದಳು ಝೀನಾ. "ಸಿನ್ಯೋರಾಗೆ ನನ್ನ ಮೇಲೆ ಹೊಟ್ಟೆಕಿಚ್ಚು. ನಂದು ಹೊಸ ಗಾಡಿ."

ಊಟವಾದ ಮೇಲೆ ಡೋಯ್ನಾ ಫೋನು ತೆಗೆದು ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟಳು. "ಮನೆ," ಎಂದಳು. "ಎಲ್ಲ ಬದಲಾಯಿಸ್ತೀನಿ. ಚಳಿಗಾಲದೊಳಗೆ ಮುಗಿಯುತ್ತೆ. ನೋಡು."

ಝೀನಾ ಕನ್ನಡಕ ಹಾಕಿಕೊಂಡು ನೋಡಿದಳು. ಗೇಟು ತೆರೆಯಿತು. ಇಳಿಜಾರಿನ ಮೇಲೆ ಬೆಳಗಿನ ಬಿಸಿಲು. ಕೋಣೆಯ ಕಿಟಕಿಯ ಪರದೆ ಗಾಳಿಗೆ ಅಲುಗಿತು. ಹಾಸಿಗೆಯ ಮೇಲೆ ಚೆರ್ರಿ ಎಲೆಗಳ ನೆರಳು.

"ಬಿಸಿಲು ನಿಜವಾಗ್ಲೂ ಹೀಗೇ ಬರುತ್ತಾ?"

"ಹೀಗೇ ಬರುತ್ತೆ. ಊರು ಯಾವುದು, ಮನೆ ಯಾವ ದಿಕ್ಕಿಗಿದೆ ಅಂತ ಹೇಳಿದ್ರೆ ಅದೇ ಲೆಕ್ಕ ಹಾಕುತ್ತೆ."

ಝೀನಾ ಇನ್ನೊಮ್ಮೆ ಹಾಕಿಸಿ ನೋಡಿದಳು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಡೋಯ್ನಾಗೆ ಸಮಾಧಾನವಾಯಿತು. ಮೂರನೆಯ ಸಲ ಚಿತ್ರ ಗೇಟಿನ ಬಳಿ ನಿಂತಾಗ ಝೀನಾ ಬೆರಳಿಟ್ಟು, "ಇದೇನು, ಇಲ್ಲಿ ಆಚೆ?" ಎಂದಳು.

ಗೇಟಿನ ಆಚೆ ಹಸಿರು ಹುಲ್ಲು ಬಾನಂಚಿನವರೆಗೂ ಹಾಸಿತ್ತು. ಒಂದು ಉಬ್ಬಿಲ್ಲ, ತಗ್ಗಿಲ್ಲ. ನಾವೇ ಏನಾದರೂ ಇಡುವವರೆಗೆ ಸಾಫ್ಟ್‌ವೇರ್ ಎಲ್ಲ ಕಟ್ಟಡಗಳ ಸುತ್ತ ಇಡುವ ನೆಲ ಅದು.

"ಅದು ಸುಮ್ನೆ," ಎಂದಳು ಡೋಯ್ನಾ. "ಬೀದಿ ಮಾಡಿಲ್ಲ."

"ನಮ್ಮೂರು ಹೀಗಿದ್ದಿದ್ರೆ ನಾಳೇನೇ ಬರ್ತಿದ್ದೆ ನೋಡು," ಎಂದು ಝೀನಾ ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು, "ಡೋಯ್ನಾ, ಮನೆ ಬಹಳ ಚೆನ್ನಾಗಿದೆ. ನಾನು ಬರಲ್ಲ."

"ಚಳಿಗಾಲದೊಳಗೆ..."

"ಚಳಿಗಾಲಕ್ಕೂ ಬರಲ್ಲ, ಆಮೇಲೂ ಬರಲ್ಲ. ಮೆಟ್ಟಿಲು ತೆಗೀತೀಯ, ಸರಿ. ಗೇಟಿನ ಆಚೆ ಓಣಿ ಇದೆ. ಮಳೆ ಬಂದ್ರೆ ಟ್ರ್ಯಾಕ್ಟರೇ ಹೂತ್ಕೊಳ್ಳುತ್ತೆ. ಓಣಿ ಮುಗಿದ್ರೆ ಗುಡ್ಡ. ಅಂಗಡಿ ಗುಡ್ಡದ ಮೇಲೆ, ಚರ್ಚು ಅದರ ಮೇಲೆ. ಗುಡ್ಡಾನೂ ಸಪಾಟು ಮಾಡ್ತೀಯಾ? ಅಲ್ಲಿ ನಾನು ಆಲೂಗಡ್ಡೆ ಮೂಟೆ ಥರ. ಯಾರಾದ್ರೂ ಬಂದು ಎತ್ತಿ ಬಿಸಿಲಿಗಿಡಬೇಕು, ಯಾರಾದ್ರೂ ಬಂದು ಒಳಗಿಡಬೇಕು. ಪಕ್ಕದ ಮನೆ ನ್ಯೂರಾ ದಿನಾ ಬಂದು, ಪಾಪ ಅಂತ ತಲೆ ಆಡಿಸ್ತಾಳೆ. ಇಲ್ಲಿ ನಾನೇ ಹೋಗಿ ಮೀನು ತರ್ತೀನಿ. ನಾನೇ ಆರಿಸ್ತೀನಿ, ನಾನೇ ಚೌಕಾಶಿ ಮಾಡ್ತೀನಿ."

"ಹಾಗಾದ್ರೆ ಮನೆ ಯಾಕೆ ಕಟ್ಟಿಸ್ದೆ?" ಡೋಯ್ನಾಳ ದನಿ ಏರಿತು. "ಬಿದ್ದ ಮೇಲೂ ಯಾಕೆ ಹಣ ಕಳಿಸ್ತಿದ್ದೆ?"

"ನಿಲ್ಲಿಸಿದ್ರೆ ನಿಂಗೆ ಗೊತ್ತಾಗ್ತಿತ್ತಲ್ಲ." ಝೀನಾ ಫೋನನ್ನು ಮೆಲ್ಲಗೆ ಬೋರಲು ಹಾಕಿದಳು. "ಮೊದಲು ನನಗೋಸ್ಕರವೇ ಕಟ್ಟಿಸಿದ್ದು. ಸುಳ್ಳು ಹೇಳಲ್ಲ. ಆಸ್ಪತ್ರೇಲಿ ಮಲಗಿದ್ದಾಗ್ಲೂ ದಿನಾ ಅದೇ ಕನಸು. ಆಮೇಲೆ ಒಂದು ದಿನ ಒಬ್ಬಳೇ ಆಚೆ ಹೋದೆ. ಸಂತೇವರೆಗೂ ಹೋಗಿ ಬಂದೆ. ಅವತ್ತಿನಿಂದ ಆ ಕನಸು ಬೀಳ್ಲಿಲ್ಲ. ಏನು ಮಾಡ್ಲಿ?"

ಇದು ಡೋಯ್ನಾಗೆ ಎರಡನೆಯ ಪೆಟ್ಟು, ಮೊದಲನೆಯದಕ್ಕಿಂತ ಆಳಕ್ಕೆ ಇಳಿದದ್ದು. ತಾಯಿ ನೋಯುತ್ತಿದ್ದಾಳೆ, ಬಂದು ಎತ್ತಿಕೊಂಡು ಹೋಗಬೇಕು ಎಂಬುದಕ್ಕೆ ಅವಳು ಸಿದ್ಧಳಾಗಿ ಬಂದಿದ್ದಳು. ತಾಯಿಗೆ ತನ್ನ ಊರು ಬೇಡ, ತಾನು ಕಟ್ಟಿದ ಮನೆ ಬೇಡ, ಇಲ್ಲೇ ಹಾಯಾಗಿದ್ದಾಳೆ ಎಂಬುದಕ್ಕೆ ಸಿದ್ಧಳಾಗಿರಲಿಲ್ಲ. ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ಎದ್ದು ಹೋಗಿ ತಟ್ಟೆಗಳನ್ನು ಸದ್ದು ಮಾಡುತ್ತ ತೊಳೆದಳು. ಯಾರೂ ಬೇಡವೆನ್ನಲಿಲ್ಲ. ಸಿನ್ಯೋರಾ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು.

"ಮನೇಲಿ ಯಾರಿರ್ತಾರೆ ಹಾಗಾದ್ರೆ?" ಎಂದು ಬೆನ್ನು ಹಾಕಿಕೊಂಡೇ ಕೇಳಿದಳು.

"ನಿನ್ನ ಮನೆ. ಇರೋದಾದ್ರೆ ಇರು, ಇಲ್ಲಾಂದ್ರೆ ನ್ಯೂರಾ ಮಗ ಸೊಸೆ ಇದಾರೆ, ಬಾಡಿಗೆಗೆ ಕೊಡು. ಮೆಟ್ಟಿಲು ಹಾಗೇ ಇರ್ಲಿ, ಚೆನ್ನಾಗಿತ್ತು. ಕಟ್ಟಿಸ್ತಿದ್ದಾಗ ಅಕ್ಕಪಕ್ಕದೋರು ಎಷ್ಟು ಹೊಟ್ಟೆ ಉರ್ಕೊಂಡ್ರು ಅಂತ ನ್ಯೂರಾ ಹೇಳ್ತಿದ್ಲು."

ಮರುದಿನ ಬೆಳಿಗ್ಗೆ ಇಲಾರಿಯಾನ್ ಕರೆ ಮಾಡಿದ. ಸಮಿತಿಯವರು ಒಂದೂವರೆ ಗಂಟೆ ಕಟ್ಟಡದೊಳಗೆ ಓಡಾಡಿದರಂತೆ. ಮುಖ್ಯ ವೈದ್ಯೆ ತಾನೇ ಮೌಸ್ ಹಿಡಿದು ಶೌಚಾಲಯದ ಬಾಗಿಲು ಸರಿಯಿಲ್ಲವೆಂದು ಕಂಡುಹಿಡಿದಳಂತೆ. ಪೆತ್ರೋವಿಚ್ ಸಾಫ್ಟ್‌ವೇರ್ ಕೊಂಡೇಬಿಟ್ಟರಂತೆ. "ನಿಮ್ಮಮ್ಮನ್ನ ಕಾರಿಡಾರಿಂದ ನಾನೇ ತೆಗೆದೆ," ಎಂದ. "ಹೇಗಿದಾರೆ?"

"ನನಗಿಂತ ಚೆನ್ನಾಗಿದಾರೆ," ಎಂದಳು ಡೋಯ್ನಾ. ಹೇಳಿದ ಮೇಲೆ ಅದು ನಿಜವೆನ್ನಿಸಿತು.

ಝೀನಾ ಆಗಲೇ ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಸಂತೆಗೆ ಹೋಗುವುದಿತ್ತು. ಬೀದಿಗಿಳಿದದ್ದೇ ಅವಳು ಮುಂದೆ, ಡೋಯ್ನಾ ಹಿಂದೆ. ತಳ್ಳಲೆಂದು ಕುರ್ಚಿಯ ಹಿಡಿಗೆ ಕೈ ಹಾಕಿದಾಗ ಝೀನಾ ಹಿಂತಿರುಗದೆ ಹೇಳಿದಳು, "ಕೈ ತೆಗಿ. ನಿನ್ನ ಬೆನ್ನಿಗೆ ಕೈ ಹಾಕಿ ನಾನು ತಳ್ತೀನಾ?" ಕಮಾನುಗಳ ಕೆಳಗಿನ ನುಣುಪಾದ ಕಲ್ಲುಹಾಸಿನ ಮೇಲೆ ಅವಳ ಕುರ್ಚಿ ಜನರ ನಡುವೆ ನುಸುಳಿಕೊಂಡು ಓಡುತ್ತಿತ್ತು. ಪತ್ರಿಕೆ ಅಂಗಡಿಯವನು ಅವಳನ್ನು ಹೆಸರು ಹಿಡಿದು ಕರೆದ. ಅವಳು ಇಟಾಲಿಯನ್ ಭಾಷೆಯಲ್ಲಿ ಏನೋ ತಿರುಗಿಸಿ ಅಂದಳು. ಅವನು ಎದೆ ಹಿಡಿದುಕೊಂಡು ನಕ್ಕ. ಡೋಯ್ನಾಗೆ ಒಂದು ಮಾತೂ ಅರ್ಥವಾಗಲಿಲ್ಲ. ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದಳು.

ನಿಲ್ದಾಣದಲ್ಲಿ ಟ್ರಾಮ್ ಬಂದು ನಿಂತಿತು. ಅದರ ನೆಲ, ಕಾಲುದಾರಿಯ ನೆಲ ಒಂದೇ ಮಟ್ಟ. ಝೀನಾ ಚಕ್ರವನ್ನು ಒಮ್ಮೆ ತಳ್ಳಿ ಒಳಗೆ ಹೋದಳು. ಡೋಯ್ನಾ ನಡುವಿನ ಬಿರುಕನ್ನು, ಅದು ಎಷ್ಟು ಸಣ್ಣದೆಂಬುದನ್ನು ಬಗ್ಗಿ ನೋಡುತ್ತ ನಿಂತಳು. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.

ಗಾಜಿನ ಆಚೆ ಝೀನಾಳ ಬಾಯಿ ತೆರೆಯಿತು. ಟ್ರಾಮ್ ಹೊರಟಿತು. ಮುಂದಿನ ತಿರುವಿನಲ್ಲಿ ಮರೆಯಾಗುವ ಮುನ್ನ ಅವಳು ನಗುತ್ತ ಕೈಬೀಸುತ್ತಿದ್ದುದು ಕಂಡಿತು. ಡೋಯ್ನಾಳ ಫೋನು ಬಡಿದುಕೊಂಡಿತು.

"ಅಲ್ಲೇ ನಿಂತಿರು, ಎಲ್ಲೂ ಹೋಗ್ಬೇಡ," ಎಂದಳು ಝೀನಾ. "ಈಗ ಇನ್ನೊಂದು ಬರುತ್ತೆ. ಹತ್ತಿಬಿಡು. ಎರಡನೇ ನಿಲ್ದಾಣದಲ್ಲಿ ನಾನಿರ್ತೀನಿ. ಹೆದರ್ಕೋಬೇಡ್ವೇ."

"ಹೆದರಿಲ್ಲ," ಎಂದಳು ಡೋಯ್ನಾ. ಮುಂದಿನ ಟ್ರಾಮಿನ ಬಾಗಿಲು ತೆರೆದುಕೊಳ್ಳುವುದು ಎಲ್ಲಿ ಎಂದು ಗೊತ್ತಾಗದೆ, ಕಾಯುತ್ತಿದ್ದ ಉಳಿದವರ ಹಿಂದೆ ಹೋಗಿ ನಿಂತುಕೊಂಡಳು.